ದುರ್ಗದ ಗಾಳಿಗೆ ತಕ್ಕ ಜೆಟ್

ಹಳೆಯ ಟೂ ಸ್ಟ್ರೋಕ್ ಸ್ಕೂಟರಿಗೆ ವೇಗ ಬೇಕೆಂದು ದೊಡ್ಡ ಕಾರ್ಬುರೇಟರ್ ಕೂರಿಸುವುದು ಅರ್ಧ ದಿನದ ಕೆಲಸ. ಅದನ್ನು ಊರಿನ ಎತ್ತರಕ್ಕೆ, ಬಿಸಿಲಿಗೆ, ಬಂಕಿನ ಪೆಟ್ರೋಲಿಗೆ ಹೊಂದಿಸುವುದರಲ್ಲಿದೆ ನಿಜವಾದ ಕಸುಬು.

ಆಷಾಢದ ಗಾಳಿ ಎಂಥದ್ದು ಎಂಬುದಕ್ಕೆ ಚಿತ್ರದುರ್ಗದ ಸುತ್ತಲ ಗುಡ್ಡಗಳ ನೆತ್ತಿಯ ಮೇಲೆ ತಿರುಗುವ ಗಾಳಿಯಂತ್ರಗಳೇ ಸಾಕ್ಷಿ. ಆ ದಿನಗಳಲ್ಲಿ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಿರಿಯೂರಿನಿಂದ ದುರ್ಗದ ಕಡೆಗೆ ಎದುರುಗಾಳಿಗೆ ಹೊರಟ ಹಳೆಯ ಸ್ಕೂಟರಿನ ಆಕ್ಸಿಲರೇಟರ್ ಸುಮಾರು 40 ಕಿ.ಮೀ. ಉದ್ದಕ್ಕೂ ಪೂರ್ತಿ ತಿರುವಿಯೇ ಇರುತ್ತದೆ. ಅದೇ ಸ್ಕೂಟರ್ ಹೊಸದುರ್ಗ ತಾಲ್ಲೂಕಿನ ತೆಂಗಿನ ತೋಟಗಳ ನಡುವಿನ ದಾರಿಗಿಳಿದರೆ ಕಾಲು, ಅರ್ಧ ತಿರುವಿನಲ್ಲೇ ಓಡಬೇಕು, ಧೂಳನ್ನೂ ಕುಡಿಯಬೇಕು. ಹೊಳಲ್ಕೆರೆ ಪೇಟೆಯಲ್ಲಿ ನಿಂತು ನಿಂತು ಸಾಗುವಾಗ ಐಡ್ಲಿಂಗ್ ಸರಿಯಿಲ್ಲದಿದ್ದರೆ ಹೆಜ್ಜೆಗೊಂದು ಕಿಕ್ ಹೊಡೆಯಬೇಕು. ಎಂಜಿನ್ ಒಂದೇ, ಜಿಲ್ಲೆಯೂ ಒಂದೇ. ಆದರೆ ಪೆಟ್ರೋಲ್ ಎಷ್ಟು, ಗಾಳಿ ಎಷ್ಟು ಎಂಬ ಲೆಕ್ಕ ಮೂರು ಕಡೆಯೂ ಬೇರೆ. ಆ ಲೆಕ್ಕ ನೋಡಿಕೊಳ್ಳುವುದು ಅಂಗೈಯಲ್ಲಿ ಹಿಡಿಸುವ ಒಂದು ಸಾಧನ, ಕಾರ್ಬುರೇಟರ್.

ಎಣ್ಣೆಯೂ ಇದೇ ದಾರಿಯಲ್ಲಿ

ಫೋರ್ ಸ್ಟ್ರೋಕ್ ಎಂಜಿನ್ನಿನ ಕೆಳಗೆ ಆಯಿಲ್ ಬೇರೆಯಾಗಿ ನಿಂತಿರುತ್ತದೆ. ಟೂ ಸ್ಟ್ರೋಕಿನಲ್ಲಿ ಹಾಗಿಲ್ಲ. ಲೀಟರ್ ಪೆಟ್ರೋಲಿಗೆ 20 ಮಿ.ಲೀ.ನಂತೆ, ಅಂದರೆ ಶೇ 2ರಷ್ಟು ಬೆರೆಸಿದ ಟೂಟಿ ಆಯಿಲ್ ಕಾರ್ಬುರೇಟರಿನ ಮೂಲಕವೇ ಒಳಗೆ ಹೋಗಿ ಕ್ರ್ಯಾಂಕಿನ ಬೇರಿಂಗು, ಪಿಸ್ಟನ್ನು, ಸಿಲಿಂಡರಿನ ಗೋಡೆಗಳನ್ನು ನೆನೆಸಬೇಕು. ಪೆಟ್ರೋಲನ್ನು ಅಳೆದು ಬಿಡುವ ತೂತು, ಅಂದರೆ ಜೆಟ್, ಚಿಕ್ಕದಾಯಿತೆಂದರೆ ಪೆಟ್ರೋಲ್ ಕಡಿಮೆಯಾಗಿ ಉರಿ ಬಿಸಿಯಾಗುತ್ತದೆ, ಅದೇ ಹೊತ್ತಿಗೆ ಎಣ್ಣೆಯೂ ಕಡಿಮೆಯಾಗುತ್ತದೆ. ಎರಡೂ ಸೇರಿದರೆ ಪಿಸ್ಟನ್ ಉಬ್ಬಿ ಬೋರಿಗೆ ಕಚ್ಚಿಕೊಳ್ಳುತ್ತದೆ. ಗ್ಯಾರೇಜಿನ ಮಾತಿನಲ್ಲಿ ಎಂಜಿನ್ ಸೀಜ್. ಹಾಗಂತ ಆಯಿಲನ್ನು ಧಾರಾಳವಾಗಿ ಸುರಿದರೂ ಕ್ಷೇಮವಿಲ್ಲ. ಜೆಟ್ಟಿನ ತೂತು ಅಷ್ಟೇ ಇರುವಾಗ ಹೆಚ್ಚಿದ ಆಯಿಲ್ ಪೆಟ್ರೋಲಿನ ಜಾಗ ತಿನ್ನುತ್ತದೆ, ಮಿಶ್ರಣದಲ್ಲಿ ಪೆಟ್ರೋಲ್ ತಗ್ಗಿ ಅದು ಇನ್ನಷ್ಟು ಲೀನ್ ಆಗುತ್ತದೆ.

ನಮ್ಮ ರಸ್ತೆಗಳಲ್ಲಿ ಉಳಿದಿರುವ ಇಂಥ ಸ್ಕೂಟರುಗಳು ಮುಖ್ಯವಾಗಿ ಮೂರು ಬಳಗದವು. ವೆಸ್ಪಾ ವಿನ್ಯಾಸದಿಂದ ಹುಟ್ಟಿ 1972ರಲ್ಲಿ ಬಂದ ಬಜಾಜ್ ಚೇತಕ್ ಮೊದಲನೆಯದು, 57 ಮಿ.ಮೀ. ಬೋರ್, ಅಷ್ಟೇ ಸ್ಟ್ರೋಕ್, 145 ಸಿಸಿಯ ಎಂಜಿನ್. ಕಾನ್ಪುರದ ಎಲ್‌ಎಂಎಲ್ ವೆಸ್ಪಾ ಎರಡನೆಯದು. ಲಖನೌದ ಸ್ಕೂಟರ್ಸ್ ಇಂಡಿಯಾ ತಯಾರಿಸಿದ ಲ್ಯಾಂಬ್ರೆಟ್ಟಾ ಮೂರನೆಯದು. ಕರ್ನಾಟಕಕ್ಕೆ ಟೂ ಸ್ಟ್ರೋಕಿನ ನಂಟು ಬೇರೊಂದು ಬಾಗಿಲಿನಿಂದಲೂ ಬಂದಿತ್ತು: ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೂ ಜಾವಾ, ಯೆಜ್ಡಿ ಬೈಕುಗಳನ್ನು ಹೊರತಂದಿತು. ಹೊಗೆಯ ನಿಯಮಗಳು ಬಿಗಿಯಾದ ಮೇಲೆ ಹೊಸ ಟೂ ಸ್ಟ್ರೋಕ್ ಗಾಡಿ ಬರುವುದು ನಿಂತಿತು. ಉಳಿದವುಗಳಿಗೆ ಈಗ ಹವ್ಯಾಸಿಗಳ ಆರೈಕೆ.

ಗಂಟಲು ಎಷ್ಟು ಅಗಲ?

ಚೇತಕ್, ಎಲ್‌ಎಂಎಲ್ ಗಾಡಿಗಳಲ್ಲಿ ಇಟಲಿಯ ಡೆಲ್ಲೊರ್ಟೊ ಎಸ್‌ಐ ಮಾದರಿಯ ಕಾರ್ಬುರೇಟರನ್ನು ಸ್ಪಾಕೊ ಹೆಸರಿನಲ್ಲಿ ಹೆಚ್ಚಾಗಿ ಕಾಣುತ್ತೇವೆ. ಅದರ ಗಂಟಲು, ಅಂದರೆ ಗಾಳಿ ಹಾಯುವ ದಾರಿ, 20 ಮಿ.ಮೀ. ಪಿಎಕ್ಸ್ 200 ವೆಸ್ಪಾಕ್ಕೆ ಇದೇ ಮಾದರಿಯ 24 ಮಿ.ಮೀ. ಗಂಟಲಿನದು ಬಂತು. ಇನ್ನೂ ಮುಂದೆ ಹೋಗುವವರು 28 ಮಿ.ಮೀ.ನ ಮಿಕುನಿ ಅಥವಾ ಡೆಲ್ಲೊರ್ಟೊ ಹುಡುಕುತ್ತಾರೆ.

ಅಂಕಿಯಲ್ಲಿ ವ್ಯತ್ಯಾಸ ಸಣ್ಣದು, ಗಾಳಿಯ ದಾರಿಯಲ್ಲಿ ಸಣ್ಣದಲ್ಲ. 20ರಿಂದ 24ಕ್ಕೆ ಹೋದರೆ ಗಂಟಲಿನ ವಿಸ್ತೀರ್ಣ ಶೇ 44ರಷ್ಟು ಹೆಚ್ಚುತ್ತದೆ. 28ಕ್ಕೆ ಹೋದರೆ ಹೆಚ್ಚುಕಡಿಮೆ ಇಮ್ಮಡಿ. ಒಲೆ ಊದುವ ಕೊಳವೆ ಅಗಲವಾದಷ್ಟೂ ಊದಿದ ಉಸಿರಿನ ರಭಸ ತಗ್ಗುವಂತೆ, ಅಗಲ ಗಂಟಲಿನಲ್ಲಿ ಕಡಿಮೆ ಆರ್‌ಪಿಎಂನ ಗಾಳಿ ನಿಧಾನವಾಗುತ್ತದೆ. ಜೆಟ್ಟಿನಿಂದ ಪೆಟ್ರೋಲನ್ನು ಸೆಳೆಯುವ ಬಲ ಕುಗ್ಗಿ, ಪೇಟೆಯ ಓಡಾಟದಲ್ಲಿ ಪಿಕಪ್ ಸಾಯುತ್ತದೆ. ಸಿಲಿಂಡರಿನ ಪೋರ್ಟು, ಸೈಲೆನ್ಸರ್ ಎರಡೂ ಕಂಪನಿಯವೇ ಆಗಿದ್ದರೆ 28ರಿಂದ ಸಿಗುವುದು ಸದ್ದು ಮತ್ತು ಪೆಟ್ರೋಲಿನ ಖರ್ಚು. ಪೋರ್ಟು ಕೊರೆಸಿ, ಎಕ್ಸ್‌ಪಾನ್ಷನ್ ಚೇಂಬರ್ ಹಾಕಿ, ಹೆಚ್ಚು ಆರ್‌ಪಿಎಂನಲ್ಲೇ ಓಡಿಸುವ ಗಾಡಿಗೆ ಮಾತ್ರ ಅಂಥ ಗಂಟಲು ಸಲ್ಲುತ್ತದೆ.

ಎಂಜಿನ್ ಗಾಳಿ ಎಳೆಯುವ ಬಗೆಯನ್ನೂ ನೋಡಬೇಕು. ಲ್ಯಾಂಬ್ರೆಟ್ಟಾದಲ್ಲಿ ಒಳದಾರಿಯನ್ನು ತೆರೆದು ಮುಚ್ಚುವುದು ಪಿಸ್ಟನ್ನೇ. ವೆಸ್ಪಾ ಪಿಎಕ್ಸ್‌ನಲ್ಲಿ ಆ ಕೆಲಸ ಕ್ರ್ಯಾಂಕಿನ ಅಂಚಿನದು. ಎಲ್‌ಎಂಎಲ್‌ನಲ್ಲಿ ರೀಡ್ ವಾಲ್ವ್ ಇದೆ. ಒಳಬಂದ ಗಾಳಿ ಹಿಂದಕ್ಕೆ ಚಿಮ್ಮದಂತೆ ರೀಡ್ ತಡೆಯುವುದರಿಂದ ದೊಡ್ಡ ಕಾರ್ಬುರೇಟರಿಗೆ ಎಲ್‌ಎಂಎಲ್ ಎಂಜಿನ್ ಬೇಗ ಒಗ್ಗುತ್ತದೆ. ಟ್ಯಾಂಕಿನ ಪೆಟ್ರೋಲ್ ಕಾಕ್ ಮತ್ತು ಪೈಪನ್ನು ಮರೆಯುವವರೇ ಹೆಚ್ಚು. ಪೆಟ್ರೋಲ್ ತನ್ನ ಭಾರದಿಂದಲೇ ಇಳಿಯುವ ಈ ಗಾಡಿಗಳಲ್ಲಿ ಕಾಕ್ ಕಟ್ಟಿಕೊಂಡಿದ್ದರೆ ಕಾರ್ಬುರೇಟರಿನ ಫ್ಲೋಟ್ ಬಟ್ಟಲು ಹೆದ್ದಾರಿಯಲ್ಲಿ ಖಾಲಿಯಾಗುತ್ತದೆ, ದೂರು ಜೆಟ್ಟಿನ ಮೇಲೆ ಬರುತ್ತದೆ.

ಎತ್ತರ, ಬಿಸಿಲು, ಎಥೆನಾಲ್

ಚಿತ್ರದುರ್ಗ ನಗರ ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಸುಮಾರು ಶೇ 7ರಷ್ಟು ತೆಳು. ಚಳಿಗಾಲದ 20 ಡಿಗ್ರಿಯ ಮುಂಜಾನೆಗೆ ಹೋಲಿಸಿದರೆ ಏಪ್ರಿಲ್‌ನ 40 ಡಿಗ್ರಿಯ ಮಧ್ಯಾಹ್ನದ ಗಾಳಿ ಮತ್ತೆ ಶೇ 6ರಷ್ಟು ತೆಳು. ಗಾಳಿ ತೆಳುವಾದಾಗ ಅದೇ ಜೆಟ್ ಪೆಟ್ರೋಲನ್ನು ತುಸು ಹೆಚ್ಚಾಗಿಯೇ ಕೊಡುತ್ತದೆ, ಗಾಡಿ ರಿಚ್ ಆಗಿ ಮಂದವಾಗುತ್ತದೆ. ಹೀಗಾಗಿ ಬೇಸಿಗೆಯ ಮಧ್ಯಾಹ್ನ ದುರ್ಗದಲ್ಲಿ ಅಂಚಿಗೆ ತಂದು ನಿಲ್ಲಿಸಿದ ಜೆಟ್ಟೇ ಅಪಾಯ. ಅದೇ ಗಾಡಿ ಡಿಸೆಂಬರಿನ ಬೆಳಗ್ಗೆ ಹೊರಟರೆ ಅಥವಾ ಘಟ್ಟ ಇಳಿದು ಕರಾವಳಿಗೆ ಹೋದರೆ ದಟ್ಟ ಗಾಳಿಗೆ ಪೆಟ್ರೋಲ್ ಸಾಲದೆ ಸೀಜ್ ಆಗಬಹುದು. ವರ್ಷವಿಡೀ ಒಂದೇ ಜೆಟ್ ಇಡುವವರು ಚಳಿಯ ಬೆಳಗಿನಲ್ಲಿ ಪರೀಕ್ಷಿಸುವುದು ಲೇಸು.

ಇದಕ್ಕೀಗ ಎಥೆನಾಲ್ ಸೇರಿದೆ. ಶೇ 20ರಷ್ಟು ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿನ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು 2023ರ ಫೆಬ್ರುವರಿಯಲ್ಲಿ, ಬೆಂಗಳೂರಿನಲ್ಲೇ. ಬರೀ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು, ಇ20ಕ್ಕೆ 13.5 ಪಾಲು ಸಾಕು. ಅಂದರೆ ಅಷ್ಟೇ ಗಾಳಿಗೆ ಇಂಧನ ಶೇ 9ರ ಆಸುಪಾಸು ಹೆಚ್ಚು ಬೇಕು. ಜೆಟ್ಟಿನಿಂದ ಹರಿಯುವ ಪ್ರಮಾಣ ತೂತಿನ ವಿಸ್ತೀರ್ಣಕ್ಕೆ ತಕ್ಕಂತೆ ಇರುವುದರಿಂದ, ನಂಬರ್ ತೂತಿನ ವ್ಯಾಸವನ್ನು ಹೇಳುವ ಜೆಟ್ಟುಗಳಲ್ಲಿ ಹಳೆಯ ಪೆಟ್ರೋಲಿಗೆ 100 ಸರಿಯಿದ್ದಲ್ಲಿ ಈಗ 104 ಬೇಕಾಗುತ್ತದೆ. ಎಥೆನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಫ್ಲೋಟ್ ಬಟ್ಟಲನ್ನು ಖಾಲಿ ಮಾಡಿಡುವುದು ಒಳ್ಳೆಯದು.

ಹೊಂದಿಸುವ ಕ್ರಮ

ಜೆಟ್ಟಿಗೆ ಕೈ ಹಾಕುವ ಮುನ್ನ ಎಂಜಿನ್ ಗಟ್ಟಿಯಾಗಿದೆಯೇ ನೋಡಬೇಕು. ಕ್ರ್ಯಾಂಕಿನ ಆಯಿಲ್ ಸೀಲ್ ಸೋತಿದ್ದರೆ, ಗ್ಯಾಸ್ಕೆಟ್ ಬಿಟ್ಟಿದ್ದರೆ ಒಳಗೆ ಕಳ್ಳಗಾಳಿ ನುಗ್ಗುತ್ತದೆ. ಆಕ್ಸಿಲರೇಟರ್ ಬಿಟ್ಟ ಮೇಲೂ ಎಂಜಿನ್ನಿನ ಕೂಗು ಇಳಿಯದಿದ್ದರೆ ಮೊದಲ ಅನುಮಾನ ಇದರ ಮೇಲೆಯೇ. ಹೊಸದುರ್ಗದ ಧೂಳಿಗೆ ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೆ ಗಾಡಿ ರಿಚ್ ಎನಿಸುತ್ತದೆ. ಆಗ ಜೆಟ್ ಇಳಿಸಿ, ಆಮೇಲೆ ಫಿಲ್ಟರ್ ತೊಳೆದರೆ ಲೀನ್ ಆಗಿ ಕೂರುತ್ತದೆ.

ಮಿಕುನಿ ವಿಎಂ ಬಗೆಯ ಕಾರ್ಬುರೇಟರಿನಲ್ಲಿ ಆಕ್ಸಿಲರೇಟರಿನ ತಿರುವನ್ನು ನಾಲ್ವರು ಹಂಚಿಕೊಂಡಿದ್ದಾರೆ. ಮೊದಲ ಎಂಟನೇ ಒಂದು ಭಾಗ ಪೈಲಟ್ ಜೆಟ್ಟಿನದು, ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡಿನದು, ಮುಕ್ಕಾಲಿನವರೆಗೆ ನೀಡಲ್‌ನದು, ಆಮೇಲೆ ಮೇನ್ ಜೆಟ್ಟಿನದು. ಎಸ್‌ಐನಲ್ಲಿ ನೀಡಲ್ ಇಲ್ಲ. ಅಲ್ಲಿ ಮೇಲೆ ಏರ್ ಕರೆಕ್ಟರ್, ನಡುವೆ ಎಮಲ್ಷನ್ ಟ್ಯೂಬ್, ಕೆಳಗೆ ಮೇನ್ ಜೆಟ್ ಒಂದರ ಕೆಳಗೊಂದು ಕೂತಿರುತ್ತವೆ. ಪಿಎಕ್ಸ್ 150ರಲ್ಲಿ ಇವು ಸಾಮಾನ್ಯವಾಗಿ 160, ಬಿಇ3, 100ರ ಆಸುಪಾಸು. ಡೆಲ್ಲೊರ್ಟೊದಲ್ಲಿ 100 ಎಂದರೆ ಒಂದು ಮಿ.ಮೀ. ತೂತು. ಮಿಕುನಿಯ ಷಟ್ಕೋನ ಜೆಟ್ಟಿನ ನಂಬರ್ ಹರಿವಿನ ಅಳತೆ. ಒಂದರ ನಂಬರ್ ನೋಡಿ ಇನ್ನೊಂದಕ್ಕೆ ಜೆಟ್ ತರುವಂತಿಲ್ಲ. ಸ್ಕ್ರೂ ವಿಷಯದಲ್ಲೂ ಹಾಗೆಯೇ: ಎಸ್‌ಐನ ಹಿಂಬದಿಯ ಮಿಕ್ಸ್ಚರ್ ಸ್ಕ್ರೂ ಬಿಚ್ಚಿದರೆ ರಿಚ್, ವಿಎಂನ ಏರ್ ಸ್ಕ್ರೂ ಬಿಚ್ಚಿದರೆ ಲೀನ್.

ಮೇನ್ ಜೆಟ್ಟನ್ನು ಯಾವಾಗಲೂ ದೊಡ್ಡದರಿಂದ ಆರಂಭಿಸಿ ಒಂದೊಂದೇ ನಂಬರ್ ಇಳಿಸಬೇಕು. ದೊಡ್ಡ ಜೆಟ್ಟಿನಲ್ಲಿ ಎಂಜಿನ್ ಮಿಸ್ ಹೊಡೆದು ಮುಗ್ಗರಿಸುತ್ತದೆ, ಹೊಗೆ ಕಾರುತ್ತದೆ, ಆದರೆ ಕೆಡುವುದಿಲ್ಲ. ಪೂರ್ತಿ ತಿರುವಿದ್ದನ್ನು ತುಸು ಇಳಿಸಿದಾಗ ಗಾಡಿ ಇನ್ನೂ ಚೆನ್ನಾಗಿ ಎಳೆದರೆ ಜೆಟ್ ಚಿಕ್ಕದಾಯಿತೆಂದೇ ಅರ್ಥ. ಕೊನೆಯ ತೀರ್ಪು ಸ್ಪಾರ್ಕ್ ಪ್ಲಗ್ಗಿನದು. ವಾಹನಗಳಿಲ್ಲದ ರಸ್ತೆಯಲ್ಲಿ ಪೂರ್ತಿ ತಿರುವಿ ಓಡಿಸಿ, ಕ್ಲಚ್ ಹಿಡಿದು ಅದೇ ಕ್ಷಣ ಎಂಜಿನ್ ಆಫ್ ಮಾಡಿ, ನಿಂತು ಪ್ಲಗ್ ಬಿಚ್ಚಬೇಕು. ಬಿಳಿ ಪಿಂಗಾಣಿ ಕಂದು ಬಣ್ಣಕ್ಕೆ ತಿರುಗಿದ್ದರೆ ಸರಿ, ಬೆಳ್ಳಗೆ ಬೆಂದಿದ್ದರೆ ಲೀನ್, ಕಪ್ಪಗೆ ಒದ್ದೆಯಾಗಿದ್ದರೆ ರಿಚ್. ಐಡ್ಲಿಂಗಿನಲ್ಲಿ ಮನೆಯವರೆಗೂ ಬಂದು ಬಿಚ್ಚಿದ ಪ್ಲಗ್ ಪೈಲಟ್ ಜೆಟ್ಟಿನ ಕಥೆ ಹೇಳುತ್ತದೆಯೇ ಹೊರತು ಮೇನ್ ಜೆಟ್ಟಿನದಲ್ಲ.

ಇಷ್ಟೆಲ್ಲ ಮಾಡಿದರೂ ಕಾನೂನಿನ ಗೆರೆ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ಕಂಪನಿ ಕೊಟ್ಟ ವಿವರಗಳಿಗೆ ಹೊಂದದ ಬದಲಾವಣೆಗೆ ಅಡ್ಡಿ ಹೇಳುತ್ತದೆ. 2000ದ ಮಾರ್ಚ್‌ಗೂ ಹಿಂದಿನ ದ್ವಿಚಕ್ರ ವಾಹನಗಳ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ 4.5 ಮೀರಬಾರದು, ಮತ್ತು ಆ ಪರೀಕ್ಷೆ ನಡೆಯುವುದು ಐಡ್ಲಿಂಗಿನಲ್ಲಿ. ದಿನವೂ ಓಡಿಸುವ ಚೇತಕ್‌ಗೆ ಮೂಲದ 20 ಮಿ.ಮೀ. ಕಾರ್ಬುರೇಟರನ್ನೇ ತೊಳೆದು, ಇ20ಕ್ಕೆ ತಕ್ಕ ಮೇನ್ ಜೆಟ್ ಹಾಕಿ, ಪೈಲಟ್ ಸರಿಪಡಿಸಿದರೆ ಕಳೆದುಹೋಗಿದ್ದ ಎಳೆತದ ಬಹುಪಾಲು ಮರಳುತ್ತದೆ. ದೊಡ್ಡ ಗಂಟಲು ಮುಚ್ಚಿದ ಮೈದಾನದ ರೇಸಿಗಿರಲಿ. ಯಾವುದನ್ನೇ ಹಾಕಿದರೂ ಜೆಟ್ ನಂಬರುಗಳು, ಸ್ಕ್ರೂ ಎಷ್ಟು ಸುತ್ತು, ಯಾವ ತಿಂಗಳು ಎಂದು ಒಂದು ಚೀಟಿಯಲ್ಲಿ ಬರೆದು ಡಿಕ್ಕಿಯಲ್ಲಿಡಿ. ಮುಂದೆ ಈ ಗಾಡಿ ಬಿಚ್ಚುವ ಮೆಕ್ಯಾನಿಕ್‌ಗೆ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ.