ಕಟಕ ರೊಟ್ಟಿ ಮೆತ್ತಗಾಗೂ ಊರಾಗ ಬಾಡಿಗಿ ಮನಿ

ರಾಮಥಾಳದಿಂದ ಮಂಗಳೂರಿಗೆ ದುಡಿಯಾಕ ಹೊಂಟೀರೇನು? ಮನಿ ಹಿಡಿಯೂ ಮುಂಚೆ ನಾಕು ಮಾತು ಕೇಳ್ರಿ.

ಬ್ಯಾಸಿಗ್ಯಾಗ ಹೋದ್ರ ಬಿಸಲು, ಸಮುದ್ರ, ತೆಂಗು, ಎಲ್ಲಾ ಚೆಂದ ಕಾಣ್ತೈತಿ. ನೀವು ಗ್ವಾಡಿ ನೋಡ್ರಿ. ಕಪಾಟಿನ ಹಿಂದ, ಮೂಲ್ಯಾಗ ಕರಿ ಕಲೆ ಇದ್ರ, ಬಣ್ಣ ಎಷ್ಟ ಹೊಸಾದಿದ್ರೂ ನಂಬಬ್ಯಾಡ್ರಿ. ನಮ್ಮ ಹುನಗುಂದ ಸೀಮ್ಯಾಗ ವರ್ಷಕ್ಕ 600 ಮಿಲಿಮೀಟರ್ ಮಳಿ ಬಿದ್ರ ಹಬ್ಬ. ಅಲ್ಲಿ 3,500 ದಾಟತೈತಿ! ಜೂನ್ ತಿಂಗಳಾಗ ಅವ್ವ ಕಟ್ಟಿಕೊಟ್ಟ ಕಟಕ ರೊಟ್ಟಿ ಡಬ್ಬಿ ಮುಚ್ಚಲಿಲ್ಲಂದ್ರ ಸಂಜಿಗೆ ಚಪಾತಿ ಹಂಗ ಮಡಚತೈತಿ. ಟ್ರಂಕಿನಾಗಿನ ಇಳಕಲ್ ಸೀರಿಗೂ ಬೂಸ್ಟು.

ಕರಾರು 11 ತಿಂಗಳದ್ದ ಯಾಕ? 1908ರ ನೋಂದಣಿ ಕಾಯ್ದೆ ಪ್ರಕಾರ, ವರ್ಷ ಮೀರಿದ ಬಾಡಿಗಿ ಕರಾರು ನೋಂದಣಿ ಆಗಬೇಕು. ಆ ಖರ್ಚು, ಓಡಾಟ ಉಳಿಸೂ ಲೆಕ್ಕ ಇದು. ಅಡ್ವಾನ್ಸ್ ಎಷ್ಟು, ಬಿಡೂ ಮುಂದ ಬಣ್ಣದ ಖರ್ಚು ಯಾರದು, ಅದರಾಗ ಬರಸ್ರಿ. ಬಾಯಿಮಾತು ಸಾಲೂದಿಲ್ಲ.

ಇನ್ನ ಕರೆಂಟು. ಗೃಹಜ್ಯೋತಿ ಬಾಡಿಗಿದಾರರಿಗೂ ಐತಿ, 200 ಯೂನಿಟ್ ಒಳಗ. ಆದ್ರ ಮೀಟರಿನ ಆರ್‌.ಆರ್. ನಂಬರಿಗೆ ಹಿಂದಿದ್ದವರ ಆಧಾರ್ ಜೋಡಿಸಿದ್ದು ಹಂಗೇ ಇದ್ರ ನಿಮ್ಮದು ತಗೊಳ್ಳೂದಿಲ್ಲ. ಅವರು ಸೇವಾಸಿಂಧುದಾಗ ಡಿ-ಲಿಂಕ್ ಮಾಡ್ಯಾರೇನು, ಮೊದಲ ಕೇಳ್ರಿ. ನಿಮ್ಮ ಹಳೇ ಬಾಡಿಗಿ ಮನಿದೂ ಬಿಡಸ್ರಿ.

ಭಾಷೆ? ಅವರ ಕನ್ನಡ ನಮಗ ಪುಸ್ತಕ ಓದಿದಂಗ, ನಮ್ಮದು ಅವರಿಗೆ ಜಗಳ ಆಡಿದಂಗ. ಮನಿ ಮಾಲೀಕರ ಹೆಂಡತಿ ಬಾಗಲಾಗ ನಿಂತು "ವಣಸ್ ಆಂಡಾ?" ಅಂದ್ರ, ಊಟ ಆತೇನು ಅಂತ ತುಳುದಾಗ ಕೇಳ್ತಾರು. "ಆತ್ರೀ ಅಮ್ಮಾರ" ಅನ್ರಿ, ಒಂದ ವಾಟಗ ಶೇಂಗಾ ಹಿಂಡಿ ಕೊಟ್ಟು ಬರ್ರಿ.