ಬ್ರೆಡ್ ಹಲಗೆಯ ಮೇಲೆ ಬೆಳಕು

ಎಲೆಕ್ಟ್ರಾನಿಕ್ಸ್ ಕಲಿಯುವವರು ಬಳಸುವ, ತೂತುಗಳಿರುವ ಬಿಳಿ ಪ್ಲಾಸ್ಟಿಕ್ ಹಲಗೆಗೆ ಬ್ರೆಡ್‌ಬೋರ್ಡ್ ಎಂದು ಹೆಸರು. ಈ ಹೆಸರು ಬಂದದ್ದು ಅಡುಗೆಮನೆಯಿಂದ! ಸುಮಾರು ನೂರು ವರ್ಷಗಳ ಹಿಂದೆ ರೇಡಿಯೊ ಹವ್ಯಾಸಿಗಳು ಬ್ರೆಡ್ ಕತ್ತರಿಸುವ ಮರದ ಹಲಗೆಯ ಮೇಲೆ ಸ್ಕ್ರೂ ಕೂರಿಸಿ, ತಂತಿ ಬಿಗಿದು ರೇಡಿಯೊ ಕಟ್ಟುತ್ತಿದ್ದರು.

ಮಕ್ಕಳೇ, ಅಂಥ ಹಲಗೆಯನ್ನು ನೀವೂ ಮಾಡಬಹುದು. ಗೇಣುದ್ದದ ಒಣ ಹಲಗೆಯನ್ನು ಉಪ್ಪುಕಾಗದದಿಂದ ಉಜ್ಜಿ. ಎರಡು ಬೆರಳಿನಷ್ಟು ಅಂತರದಲ್ಲಿ ನಾಲ್ಕು ಹಿತ್ತಾಳೆ ಸ್ಕ್ರೂಗಳನ್ನು ಸಾಲಾಗಿ ಕೂರಿಸಲು ಅಜ್ಜನನ್ನೋ ಅಜ್ಜಿಯನ್ನೋ ಕರೆಯಿರಿ. ಒಂದು–ಎರಡರ ನಡುವೆ 470 ಓಮ್ ರೆಸಿಸ್ಟರ್ (ಹಳದಿ, ನೇರಳೆ, ಕಂದು ಪಟ್ಟಿಯದು), ಎರಡು–ಮೂರರ ನಡುವೆ ಕೆಂಪು ಎಲ್‌ಇಡಿ ಬಿಗಿಯಿರಿ. ಎಲ್‌ಇಡಿಯ ಉದ್ದ ಕಾಲು ಎರಡನೆಯ ಸ್ಕ್ರೂಗೆ. ಮೂರನೆಯದಕ್ಕೆ ಸಿಕ್ಕಿಸಿದ ಸೇಫ್ಟಿ ಪಿನ್ನೇ ಸ್ವಿಚ್ಚು. 9 ವೋಲ್ಟ್ ಬ್ಯಾಟರಿಯ ಪ್ಲಸ್ ತಂತಿ ಒಂದನೆಯದಕ್ಕೆ, ಮೈನಸ್ ನಾಲ್ಕನೆಯದಕ್ಕೆ. ಪಿನ್ನು ನಾಲ್ಕನೆಯದನ್ನು ಮುಟ್ಟಿದರೆ ಬೆಳಕು!

ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು. ಉಳಿದ 7 ವೋಲ್ಟನ್ನು ರೆಸಿಸ್ಟರ್ ತಾಳಿಕೊಳ್ಳುತ್ತದೆ. ಅದಿಲ್ಲದಿದ್ದರೆ ಎಲ್‌ಇಡಿ ಸುಟ್ಟೀತು.

ಬೆಳಕು ಬರಲಿಲ್ಲವೇ? ತಂತಿಯ ದಾರಿಯನ್ನು ಬೆರಳಿಟ್ಟು ಹಿಂಬಾಲಿಸಿ. ಈ ಹಲಗೆಯಲ್ಲಿ ಯಾವುದೂ ಮುಚ್ಚಿಲ್ಲ. ತಪ್ಪು ಕಣ್ಣಿಗೇ ಬೀಳುತ್ತದೆ. ಆದರೆ ನೆನಪಿರಲಿ: ಇದಕ್ಕೆ ಬ್ಯಾಟರಿ ಮಾತ್ರ. ಗೋಡೆಯ ಪ್ಲಗ್ಗಿನ ಕರೆಂಟು ಎಂದಿಗೂ ಬೇಡ.