ಬಡಾವಣೆಯೂ ಬಡವನ ನಿವೇಶನವೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಅಂಚಿನ ಹೊಲಗಳು ನಿವೇಶನಗಳಾಗುವಾಗ ಬಡವನ ಪಾಲೆಷ್ಟೆಂಬುದನ್ನು ನಾವಿಲ್ಲಿ ವಿಚಾರಿಸುತ್ತೇವೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ 17ನೆಯ ಪ್ರಕರಣದಂತೆ, ಯೋಜನಾ ಪ್ರದೇಶದಲ್ಲಿ ಬಡಾವಣೆ ನಿರ್ಮಿಸುವವನು ರಸ್ತೆ, ಉದ್ಯಾನಗಳ ಜಾಗವನ್ನು ಪರಿಹಾರ ಕೇಳದೆ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕು. ಇದು ಔದಾರ್ಯವಲ್ಲ; ಹೊಲದ ಬೆಲೆಯನ್ನು ಏರಿಸುವುದು ಅನುಮತಿಯೇ ಆದುದರಿಂದ, ಏರಿದ ಬೆಲೆಯ ಒಂದಂಶವು ಊರಿಗೆ ಸಲ್ಲುವುದು ನ್ಯಾಯವೇ. ಇಂಗ್ಲೆಂಡಿನಲ್ಲಿ 1990ರ ಯೋಜನಾ ಅಧಿನಿಯಮದ 106ನೆಯ ಪ್ರಕರಣದ ಒಪ್ಪಂದಗಳು ಈ ತತ್ತ್ವವನ್ನು ಅಗ್ಗದ ಮನೆಗಳವರೆಗೂ ಒಯ್ದಿವೆ. ನಮ್ಮಲ್ಲಿ 2005ರ ನೆಹರೂ ನಗರ ಪುನರುತ್ಥಾನ ಯೋಜನೆಯು ವಸತಿಗಾಗಿ ಅಭಿವೃದ್ಧಿಪಡಿಸಿದ ಭೂಮಿಯಲ್ಲಿ ಶೇ. 20-25ನ್ನು ದುರ್ಬಲರಿಗೆ ಮೀಸಲಿಡಬೇಕೆಂದಿತು. ಆದರೆ ಕರ್ನಾಟಕದಲ್ಲಿ ಅದು ಆರಿಸಿಕೊಂಡ ನಗರಗಳು ಬೆಂಗಳೂರು, ಮೈಸೂರುಗಳು. ಸಣ್ಣ ಪಟ್ಟಣದ ಬಡವನಿಗೆ ಸರ್ಕಾರವೇ ಬೇರೆಡೆ ಜಾಗ ಹುಡುಕಬೇಕಾಗುತ್ತದೆ. ಆ ಜಾಗವು ಪೇಟೆಗೆ ದೂರವಾದಷ್ಟೂ ದಿನಗೂಲಿಯಲ್ಲಿ ಬಸ್ಸಿನ ಪಾಲು ಹೆಚ್ಚುತ್ತದೆ.